ಯೋಚನೆ, ಪ್ರಜ್ಞೆ, ನಾನು: ಮೂರೂ ಒಂದೇ ಅಲ್ಲ

1970ರ ದಶಕ. ಅಮೆರಿಕದ ಒಬ್ಬ ಹುಡುಗನಿಗೆ ವಿಪರೀತ ಫಿಟ್ಸ್ ಬರುತ್ತಿತ್ತು, ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ಕೊನೆಗೆ ಡಾಕ್ಟರುಗಳು ಅವನ ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ನರಗಳ ದಪ್ಪ ಪಟ್ಟಿಯನ್ನು ಕತ್ತರಿಸಿದರು. ಇದಕ್ಕೆ ಕಾರ್ಪಸ್ ಕ್ಯಾಲೋಸಮ್ ಅಂತ ಹೆಸರು, ಇದರಲ್ಲಿ ಸುಮಾರು 20 ಕೋಟಿ ನರತಂತುಗಳಿರುತ್ತವೆ. ಒಂದು ಕಡೆ ಎದ್ದ ಫಿಟ್ಸ್ ಇನ್ನೊಂದು ಕಡೆಗೆ ಹಬ್ಬದಿರಲಿ ಅಂತ ಈ ಆಪರೇಷನ್. ಆಮೇಲೆ ಹುಡುಗ ಮಾತಾಡಿಕೊಂಡು, ಓಡಾಡಿಕೊಂಡು ಚೆನ್ನಾಗಿಯೇ ಇದ್ದ. ವಿಜ್ಞಾನದ ಬರಹಗಳಲ್ಲಿ ಅವನ ಹೆಸರು ಬರೀ ಪಿ.ಎಸ್.

ಮೈಕಲ್ ಗಜಾನಿಗಾ ಮತ್ತು ಜೋಸೆಫ್ ಲೆಡೂ ಎಂಬ ಸಂಶೋಧಕರು ಈ ಹುಡುಗನ ಜೊತೆ ಒಂದು ಪ್ರಯೋಗ ಮಾಡಿದರು. ಅದು ಅರ್ಥವಾಗಬೇಕಾದರೆ ಎರಡು ಸಂಗತಿ ಗೊತ್ತಿರಬೇಕು. ಕಣ್ಣೆದುರಿನ ಎಡಬದಿಯಲ್ಲಿ ಕಂಡದ್ದು ಬಲ ಮಿದುಳಿಗೆ ಹೋಗುತ್ತದೆ, ಬಲಬದಿಯಲ್ಲಿ ಕಂಡದ್ದು ಎಡ ಮಿದುಳಿಗೆ. ಕೈಗಳದ್ದೂ ಹೀಗೇ ಅದಲುಬದಲು. ಮತ್ತೆ, ಹೆಚ್ಚಿನವರಲ್ಲಿ ಮಾತಿನ ಉಸ್ತುವಾರಿ ಎಡ ಮಿದುಳಿನದು. ನಮ್ಮ ನಿಮ್ಮಲ್ಲಿ ಎರಡೂ ಕಡೆಯವು ಕ್ಷಣದಲ್ಲಿ ಸುದ್ದಿ ಹಂಚಿಕೊಳ್ಳುವುದರಿಂದ ಇದೆಲ್ಲ ಗಮನಕ್ಕೇ ಬರುವುದಿಲ್ಲ. ಪಿ.ಎಸ್.ಗೆ ಆ ದಾರಿ ಇರಲಿಲ್ಲ.

ಪರದೆಯ ಬಲಬದಿಯಲ್ಲಿ ಒಂದು ಕೋಳಿ ಕಾಲಿನ ಚಿತ್ರ ಮಿಂಚಿ ಮರೆಯಾಯಿತು. ಅದೇ ಹೊತ್ತಿಗೆ ಎಡಬದಿಯಲ್ಲಿ ಹಿಮ ಬಿದ್ದ ಮನೆಯಂಗಳದ ಚಿತ್ರ. ಮುಂದೆ ಹಲವು ಚಿತ್ರಗಳ ಕಾರ್ಡುಗಳು, ನೋಡಿದ್ದಕ್ಕೆ ಹೊಂದುವುದನ್ನು ತೋರಿಸಬೇಕು. ಹುಡುಗನ ಬಲಗೈ ಕೋಳಿಯನ್ನು ತೋರಿಸಿತು. ಎಡಗೈ ಸಲಿಕೆಯನ್ನು ತೋರಿಸಿತು. ಎರಡೂ ಸರಿಯೇ. ಹಿಮ ತೆಗೆಯಲು ಸಲಿಕೆ ಬೇಕಲ್ವಾ?

ಈಗ ಅವನನ್ನು ಕೇಳಿದರು, ಇವೆರಡನ್ನು ಯಾಕೆ ಆರಿಸಿದೆ? ಉತ್ತರ ಕೊಡಬೇಕಾದದ್ದು ಎಡ ಮಿದುಳು. ಅದು ಕಂಡದ್ದು ಕೋಳಿ ಕಾಲನ್ನು ಮಾತ್ರ. ಹಿಮದ ಸುದ್ದಿಯೇ ಅದಕ್ಕೆ ಮುಟ್ಟಿಲ್ಲ. ಎಡಗೈ ಸಲಿಕೆಯ ಮೇಲೆ ಇರುವುದಂತೂ ಕಣ್ಣಿಗೆ ಕಾಣುತ್ತಿದೆ. ನ್ಯಾಯವಾಗಿ "ಸಲಿಕೆ ಯಾಕೋ ಗೊತ್ತಿಲ್ಲ" ಅನ್ನಬೇಕಿತ್ತು. ಹುಡುಗ ತಡವರಿಸಲೂ ಇಲ್ಲ. ಅದು ಸುಲಭ, ಕೋಳಿ ಕಾಲಿಗೆ ಕೋಳಿ, ಕೋಳಿಗೂಡು ಚೊಕ್ಕ ಮಾಡಲು ಸಲಿಕೆ ಅಂದುಬಿಟ್ಟ.

ಅವನು ಸುಳ್ಳು ಹೇಳಿದನೇ? ಇಲ್ಲ. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕು. ಅವನ ಮಟ್ಟಿಗೆ ಅದೇ ನಿಜ, ತಾನು ಯೋಚಿಸಿ ಆರಿಸಿದ್ದು ಅಂತಲೇ ಅವನಿಗೆ ಅನ್ನಿಸಿತ್ತು. ಇಂಥ ರೋಗಿಗಳ ಅಧ್ಯಯನ ಶುರು ಮಾಡಿದ, ಗಜಾನಿಗಾರ ಗುರು ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಆದರೆ ನನಗೆ ಆ ಬಹುಮಾನಕ್ಕಿಂತ ದೊಡ್ಡದಾಗಿ ಕಾಣುವುದು ಈ ಸಲಿಕೆಯ ಉತ್ತರ. ಆರಿಸಿದ್ದು ಒಂದು, ಕಾರಣ ಕೊಟ್ಟದ್ದು ಇನ್ನೊಂದು, ಮತ್ತು ಕಾರಣ ಕೊಟ್ಟದ್ದು "ನಾನೇ ಆರಿಸಿದೆ" ಅನ್ನುತ್ತಿದೆ.

ಅದು ಆಪರೇಷನ್ ಆದವನ ಕತೆ, ನಮಗೂ ಅದಕ್ಕೂ ಏನು ಸಂಬಂಧ ಅನ್ನಬಹುದು. 2005ರಲ್ಲಿ ಸ್ವೀಡನ್ನಿನ ಪೆಟರ್ ಯೊಹಾನ್ಸನ್, ಲಾರ್ಸ್ ಹಾಲ್ ಮತ್ತು ಅವರ ಜೊತೆಗಾರರು ಆರೋಗ್ಯವಾಗಿರುವ ಜನರಿಗೆ ಎರಡೆರಡು ಫೋಟೋ ತೋರಿಸಿ, ಯಾವ ಮುಖ ಚೆಂದ ಆರಿಸಿ ಅಂದರು. ಆರಿಸಿದ ಮೇಲೆ ಕೈಚಳಕ ಮಾಡಿ, ಅವರು ಬೇಡ ಅಂದ ಫೋಟೋವನ್ನೇ ಕೈಗಿತ್ತು, ಇದನ್ನು ಯಾಕೆ ಆರಿಸಿದಿರಿ ಅಂತ ಕೇಳಿದರು. ಹೆಚ್ಚಿನ ಸಲ ಜನರಿಗೆ ಮೋಸ ಗೊತ್ತಾಗಲೇ ಇಲ್ಲ! ಆರಿಸದ ಮುಖವನ್ನು ಹಿಡಿದುಕೊಂಡು, ಅದರಲ್ಲಿ ಮಾತ್ರ ಇದ್ದ ಲಕ್ಷಣಗಳನ್ನು ತೋರಿಸಿ, ಇದಕ್ಕೇ ಇಷ್ಟವಾಯಿತು ಅಂತ ವಿವರಿಸಿದವರೂ ಇದ್ದರು. ಮದುವೆಗೆ ಹುಡುಗಿ ನೋಡಲು ಹೋಗಿ ಬಂದವರು ಕೊಡುವ ಕಾರಣಗಳ ಮೇಲೆ ಅಂದಿನಿಂದ ನನಗೆ ಅಷ್ಟಾಗಿ ನಂಬಿಕೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತಲೆಯೊಳಗೆ ಸದಾ ಒಂದು ಮಾತು ನಡೆಯುತ್ತಿರುತ್ತದೆ. ಗ್ಯಾಸ್ ಬುಕ್ ಮಾಡಬೇಕು, ಅವಳು ಯಾಕೆ ಹಾಗಂದಳು, ಛೆ ಆ ಮಾತಿಗೆ ಹೀಗೆ ಉತ್ತರ ಕೊಡಬೇಕಿತ್ತು. ಈ ಮಾತೇ ಯೋಚನೆ, ಇದು ಕೇಳಿಸುತ್ತಿರುವುದೇ ಪ್ರಜ್ಞೆ, ಮಾತಾಡುತ್ತಿರುವುದೇ ನಾನು ಅಂತ ನಾವು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ. ಯೂರೋಪಿನಲ್ಲಿ ಈ ಗಂಟನ್ನು ಬಿಗಿಯಾಗಿ ಕಟ್ಟಿದವನು ಫ್ರಾನ್ಸಿನ ದೆಕಾರ್ತ್. ಯಾವುದನ್ನು ಬೇಕಾದರೂ ಅನುಮಾನಿಸಬಹುದು, ಆದರೆ ಅನುಮಾನಿಸುತ್ತಿರುವ ನಾನು ಇದ್ದೇನೆ ಅನ್ನುವುದನ್ನು ಅನುಮಾನಿಸಲು ಆಗದು ಅಂತ 1637ರಲ್ಲಿ ಬರೆದ. ಯೋಚಿಸುತ್ತಿದ್ದೇನೆ, ಹಾಗಾಗಿ ಇದ್ದೇನೆ. ಕೇಳಲು ತುಂಬಾ ಭದ್ರವಾಗಿದೆ. ನೂರು ವರ್ಷದ ಮೇಲೆ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಬಂದು, ನಾನು ನನ್ನೊಳಗೆ ಎಷ್ಟು ಹುಡುಕಿದರೂ ಸೆಖೆ, ಚಳಿ, ಬೆಳಕು, ನೋವು, ಇಷ್ಟ, ದ್ವೇಷ ಇಂಥವೇ ಸಿಗುತ್ತವೆ, ಇವುಗಳ ಒಡೆಯ ಅನ್ನುವವನು ಒಮ್ಮೆಯೂ ಕೈಗೆ ಸಿಕ್ಕಿಲ್ಲ ಅಂದ. ಯೋಚನೆ ನಡೆಯುತ್ತಿದೆ ಅನ್ನುವುದಕ್ಕೆ ಪುರಾವೆ ಇದೆ, ಯೋಚಿಸುವವನು ಬೇರೆ ಇದ್ದಾನೆ ಅನ್ನುವುದಕ್ಕೆ ಏನು ಪುರಾವೆ ಅನ್ನುವುದು ಅವನ ತಕರಾರು.

ನನ್ನ ವಾದ ಸರಳ. ಈ ಮೂರೂ ಬಿಡಿ ಬಿಡಿ. ಒಂದಿಲ್ಲದೆ ಇನ್ನೊಂದು ಇರುವ ನಿಜವಾದ ಸಂದರ್ಭಗಳಿವೆ.

ಮೊದಲು ಪ್ರಜ್ಞೆ ಇಲ್ಲದ ಯೋಚನೆ. ಇಂಗ್ಲೆಂಡಿನ ಲಾರೆನ್ಸ್ ವೈಸ್‌ಕ್ರಾಂಟ್ಜ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದ ಡಿ.ಬಿ. ಎಂಬ ರೋಗಿಗೆ ಮಿದುಳಿನ ಹಿಂಭಾಗದ ನೋಟದ ಪ್ರದೇಶದಲ್ಲಿ ಆಪರೇಷನ್ ಆಗಿತ್ತು. ಎಡಬದಿಯಲ್ಲಿ ಏನಿಟ್ಟರೂ ಅವನಿಗೆ ಕಾಣುತ್ತಿರಲಿಲ್ಲ. ಕಾಣದಿದ್ದರೆ ಬೇಡ, ಸುಮ್ನೆ ಊಹಿಸಿ ಹೇಳು, ಗೆರೆ ನಿಂತಿದೆಯೋ ಮಲಗಿದೆಯೋ, ಬೆಳಕು ಎಲ್ಲಿದೆ ಬೆರಳಲ್ಲಿ ತೋರಿಸು ಅಂದರು. ಅವನ ಊಹೆಗಳು ಬಹುತೇಕ ಸರಿಯಾಗಿದ್ದವು. ಅದನ್ನು ಹೇಳಿದರೆ ಅವನೇ ನಂಬಲಿಲ್ಲ. ಕಣ್ಣಿನಿಂದ ಬಂದ ಸುದ್ದಿಯನ್ನು ಮಿದುಳು ಬಳಸುತ್ತಿತ್ತು, ಲೆಕ್ಕ ಹಾಕುತ್ತಿತ್ತು, ಕೈಗೆ ಹೇಳುತ್ತಿತ್ತು. ಅವನಿಗೆ ಮಾತ್ರ ಏನೂ ಕಂಡಿರಲಿಲ್ಲ. ಇದಕ್ಕೆ ಬ್ಲೈಂಡ್‌ಸೈಟ್ ಅನ್ನುತ್ತಾರೆ.

ಇಷ್ಟು ವಿಚಿತ್ರವಲ್ಲದ ಉದಾಹರಣೆಯೂ ಇದೆ. ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ಬಹಳ ದಿನ ತಲೆ ಕೆಡಿಸಿಕೊಂಡಿದ್ದ ಒಂದು ಸಮಸ್ಯೆಯನ್ನು ಬದಿಗಿಟ್ಟು ಪ್ರವಾಸ ಹೊರಟಿದ್ದ. ಕುತಾನ್ಸ್ ಎಂಬ ಊರಿನಲ್ಲಿ ಬಸ್ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟಾಗ ಉತ್ತರ ಇಡಿಯಾಗಿ ಹೊಳೆಯಿತು, ಹತ್ತಿ ಕೂತು ಪಕ್ಕದವರೊಂದಿಗೆ ಮಾತು ಮುಂದುವರಿಸಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ನಮಗೆ ಗಣಿತ ಹೊಳೆಯದಿದ್ದರೂ, ಎಷ್ಟು ತಿಣುಕಿದರೂ ನೆನಪಾಗದ ಹಳೇ ಮೇಷ್ಟರ ಹೆಸರು ಮಾರನೇ ದಿನ ಸ್ನಾನ ಮಾಡುವಾಗ ತಟ್ಟನೆ ಬರುತ್ತದೆ. ಹುಡುಕಿದವರು ಯಾರು? ನೀವಂತೂ ಸೋಪು ಹಚ್ಚಿಕೊಳ್ಳುತ್ತಿದ್ದಿರಿ.

ಇನ್ನು ಯೋಚನೆಯಿಲ್ಲದ ಪ್ರಜ್ಞೆ. ಬಿಸಿ ಸಾರಿನ ತುತ್ತು ನಾಲಿಗೆ ಸುಟ್ಟ ಆ ಗಳಿಗೆಯಲ್ಲಿ ಯೋಚನೆ ಇರುವುದಿಲ್ಲ, ಉರಿ ಮಾತ್ರ ಇರುತ್ತದೆ. ಮಾತು ಬಾರದ ಕೂಸಿಗೆ ಹೊಟ್ಟೆನೋವು ಬಂದಾಗಲೂ ಅಷ್ಟೇ, ನೋವೇನು ಸುಳ್ಳಲ್ಲ. ಇಲ್ಲಿ ಇನ್ನೂ ಮುಂದೆ ಹೋಗಿ ಕೇಳಬಹುದು. ಯೋಚನೆಯೂ ಇಲ್ಲ, ನೋವು ನಲಿವೂ ಇಲ್ಲ, ಗಾಢ ನಿದ್ದೆ. ಆಗಲೂ ಪ್ರಜ್ಞೆ ಇರುತ್ತದಾ?

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಜಗಿದಷ್ಟು ಇನ್ನೆಲ್ಲೂ ಜಗಿದಿಲ್ಲ. ಮಾಂಡೂಕ್ಯ ಉಪನಿಷತ್ತು ಬರೀ 12 ಮಂತ್ರಗಳದ್ದು. ಎಚ್ಚರ, ಕನಸು, ಗಾಢ ನಿದ್ದೆ, ಅದರಾಚೆಯ ನಾಲ್ಕನೆಯದು ಅಂತ ಅದು ಭಾಗ ಮಾಡುತ್ತದೆ. ಅದ್ವೈತಿಗಳು ಹೂಡುವ ವಾದ ಚೆನ್ನಾಗಿದೆ. ಎದ್ದ ಮೇಲೆ ನೀವು "ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ" ಅನ್ನುತ್ತೀರಿ. ಏನೂ ಗೊತ್ತಾಗಲಿಲ್ಲ ಅನ್ನುವುದು ನಿಮಗೆ ಹೇಗೆ ಗೊತ್ತು? ನೆನಪಿರುವುದರಿಂದ. ನೆನಪು ಇರಬೇಕಾದರೆ ಆಗ ಅನುಭವ ಆಗಿರಬೇಕು. ಹಾಗಾದರೆ ಮನಸ್ಸು ಮುಚ್ಚಿದ್ದಾಗಲೂ ಒಂದು ಸಾಕ್ಷಿ ಅಲ್ಲಿತ್ತು. ಇದಕ್ಕೆ ನ್ಯಾಯ ದರ್ಶನದವರ ಉತ್ತರ ಅಷ್ಟೇ ಚುರುಕು. ಅದು ನೆನಪೇ ಅಲ್ಲ ಮಾರಾಯರೇ, ಎದ್ದ ಮೇಲೆ ಮಾಡಿದ ಊಹೆ. ಮೈ ಹಗುರವಾಗಿದೆ, ನಡುವಿನ ಹೊತ್ತಿನದು ಏನೂ ಜ್ಞಾಪಕಕ್ಕೆ ಬರುತ್ತಿಲ್ಲ, ಹಾಗಾಗಿ ಚೆನ್ನಾಗಿ ನಿದ್ದೆ ಮಾಡಿರಬೇಕು ಅಂತ ನೀವೇ ಕೂಡಿಸಿ ಹೇಳುತ್ತಿದ್ದೀರಿ.

ನಾನು ನ್ಯಾಯದವರ ಕಡೆ ವಾಲುತ್ತೇನೆ. ಸಲಿಕೆಯ ಹುಡುಗನನ್ನು ನೋಡಿದ ಮೇಲೆ, ಮಿದುಳು ಆಮೇಲೆ ಕೂತು ಹೊಂದಿಸಿ ಹೇಳುವ ಮಾತನ್ನು ಸಾಕ್ಷಿ ಅಂತ ಒಪ್ಪುವುದು ಕಷ್ಟ. ಆದರೆ ಅದ್ವೈತಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ. ಇಂಜೆಕ್ಷನ್ ಚುಚ್ಚಿದರು, ಕಣ್ಣು ಬಿಟ್ಟರೆ ವಾರ್ಡಿನಲ್ಲಿದ್ದೆ, ನಡುವೆ ಹೊತ್ತೇ ಇರಲಿಲ್ಲ ಅನ್ನುತ್ತಾರೆ. ನಿದ್ದೆಯಿಂದ ಎದ್ದಾಗ ಹಾಗಿರುವುದಿಲ್ಲ, ಗಡಿಯಾರ ನೋಡದೆಯೂ ಒಂದಿಷ್ಟು ಹೊತ್ತು ಕಳೆದಿದೆ ಅಂತ ಅನ್ನಿಸುತ್ತದೆ. ನಿದ್ದೆಯ ಪ್ರಯೋಗಾಲಯಗಳಲ್ಲಿ ಎಬ್ಬಿಸಿ ಕೇಳಿದಾಗ "ಏನೋ ಇತ್ತು, ಏನಂತ ಹೇಳಲಾರೆ" ಅನ್ನುವವರು ಸಾಕಷ್ಟು ಜನ. ಅಂದರೆ ನಿದ್ದೆ ಪೂರ್ತಿ ಖಾಲಿಯಲ್ಲ. ಸಾಕ್ಷಿ ಅಂತ ಕರೆಯುವಷ್ಟು ದೊಡ್ಡದು ಅಲ್ಲಿದೆಯೋ ಇಲ್ಲವೋ ಅನ್ನುವುದು ಬೇರೆ ಮಾತು.

ಅದ್ವೈತದಲ್ಲಿ ನನಗೆ ಮೆಚ್ಚಿಗೆಯಾಗುವುದು ಇನ್ನೊಂದು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಇವು ನಾಲ್ಕನ್ನೂ ಅವರು ಒಂದು ಪಂಕ್ತಿಯಲ್ಲಿ ಕೂರಿಸಿ, ಇವೆಲ್ಲ ಅರಿವಿಗೆ ಕಾಣುವ ವಸ್ತುಗಳು, ಅರಿವಲ್ಲ ಅನ್ನುತ್ತಾರೆ. ಅಹಂಕಾರ ಅಂದರೆ ಇಲ್ಲಿ ಜಂಬ ಅಲ್ಲ, "ನಾನು ನಾನು" ಅನ್ನುವ ಆ ಎಳೆ. ದೆಕಾರ್ತ್ ಒಂದೇ ಗಂಟಿನಲ್ಲಿ ಕಟ್ಟಿದ್ದನ್ನು ಇವರು ಶತಮಾನಗಳ ಮೊದಲೇ ಬಿಚ್ಚಿಟ್ಟಿದ್ದರು. ಬೌದ್ಧರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಿಂದೆ ಸಾಕ್ಷಿಯೂ ಇಲ್ಲ ಅಂದರು. ಇವತ್ತಿನ ವಿಜ್ಞಾನ ಬಿಚ್ಚುವ ಕೆಲಸದಲ್ಲಿ ಇಬ್ಬರ ಜೊತೆಗೂ ಇದೆ, ಇಬ್ಬರ ಜಗಳ ತೀರಿಸುವಷ್ಟು ಬೆಳೆದಿಲ್ಲ. ಉಪನಿಷತ್ತಿನಲ್ಲಿ ಎಲ್ಲ ನ್ಯೂರೋಸೈನ್ಸೂ ಇತ್ತು ಅನ್ನುವ ಮೆಸೇಜುಗಳನ್ನು ಮಾತ್ರ ದಯವಿಟ್ಟು ನನಗೆ ಕಳಿಸಬೇಡಿ.

"ನಾನು" ಅನ್ನುವುದಕ್ಕೆ ಬರೋಣ. ಇದು ಕೂಡ ಒಂದೇ ವಸ್ತುವಲ್ಲ. ಕನಿಷ್ಠ ಎರಡು ಪದರ ಇವೆ. ಒಂದು ಮೈಯದು. ಈ ಕೈ ನನ್ನದು, ನಾನು ಇಲ್ಲಿ ಕೂತಿದ್ದೇನೆ ಅನ್ನುವುದು. ಇದು ಅಲುಗದ ಸತ್ಯ ಅಂದುಕೊಂಡಿದ್ದರೆ 1998ರ ಬಾಟ್ವಿನಿಕ್ ಮತ್ತು ಕೊಹೆನ್ ಪ್ರಯೋಗ ನೋಡಿ. ನಿಮ್ಮ ಕೈಯನ್ನು ಮರೆಯಲ್ಲಿಟ್ಟು, ಮುಂದೆ ಮೇಜಿನ ಮೇಲೆ ರಬ್ಬರ್ ಕೈ ಇಡುತ್ತಾರೆ. ಎರಡನ್ನೂ ಒಂದೇ ತಾಳದಲ್ಲಿ ಕುಂಚದಿಂದ ಸವರುತ್ತಾರೆ. ಕಣ್ಣಿಗೆ ರಬ್ಬರ್ ಕೈ ಮೇಲೆ ಕುಂಚ ಕಾಣುತ್ತದೆ, ಚರ್ಮಕ್ಕೆ ಅದೇ ಗಳಿಗೆಯಲ್ಲಿ ಸ್ಪರ್ಶ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಹಳ ಜನರಿಗೆ ಆ ರಬ್ಬರ್ ಕೈಯೇ ತಮ್ಮದು ಅನ್ನಿಸತೊಡಗುತ್ತದೆ. ತಾಳ ತಪ್ಪಿಸಿದರೆ ಭ್ರಮೆ ಮಸುಕಾಗುತ್ತದೆ. ನನ್ನ ಮೈ ಎಲ್ಲಿಯವರೆಗೆ ಅನ್ನುವುದನ್ನು ಮಿದುಳು ಗಳಿಗೆ ಗಳಿಗೆಗೂ ಲೆಕ್ಕ ಹಾಕುತ್ತಲೇ ಇರುತ್ತದೆ ಅಂತಾಯಿತು.

ಇನ್ನೊಂದು ಪದರ ಕತೆಯದು. ಇಂಥ ಊರಿನವನು, ಇಂಥವರ ಮಗ, ಪಿಯುಸಿಯಲ್ಲಿ ಡುಮ್ಕಿ ಹೊಡೆದವನು, ಹೋದ ವಾರ ತಂಗಿಯೊಂದಿಗೆ ಜಗಳವಾಡಿದವನು. ಈ ಕತೆಯ ಹೊಸ ಪುಟ ಬರೆಯುವುದು ನಿಂತರೆ? ಹೆನ್ರಿ ಮೊಲೈಸನ್‌ಗೆ ಹಾಗೇ ಆಯಿತು. 1953ರಲ್ಲಿ, 27ನೇ ವಯಸ್ಸಿನಲ್ಲಿ ಫಿಟ್ಸ್ ತಡೆಯಲೆಂದು ಮಿದುಳಿನ ಎರಡೂ ಬದಿಯ, ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. 2008ರಲ್ಲಿ ಸಾಯುವವರೆಗೆ ಹೊಸ ಘಟನೆಗಳು ಅವನಲ್ಲಿ ಉಳಿಯಲೇ ಇಲ್ಲ. ಮಾತಾಡಿ ಹೊರಗೆ ಹೋದ ಡಾಕ್ಟರು ಮರಳಿ ಬಂದರೆ ಅವನಿಗೆ ಹೊಸಬರು. ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕಾರ ತಿದ್ದುವ ಕೆಲಸ ಕೊಟ್ಟರು. ಪ್ರಯತ್ನಿಸಿದರೆ ಗೊತ್ತಾಗುತ್ತದೆ, ಪೆನ್ಸಿಲ್ ಬೇಡದ ಕಡೆಗೇ ಓಡುತ್ತದೆ. ಅವನ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಮಾಡಿದ್ದು ಮಾತ್ರ ನೆನಪಿಲ್ಲ, ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಅಂತ ತಾನೇ ಆಶ್ಚರ್ಯಪಟ್ಟನಂತೆ. ಕೈಗೆ ಬಂದ ವಿದ್ಯೆಯ ಸುದ್ದಿ ಅವನ ಕತೆಗೆ ಸೇರಲೇ ಇಲ್ಲ. ಆದರೂ ಅವನು ತಾನು ಯಾರೆಂದು ಬಲ್ಲವನಾಗಿದ್ದ. ಬಾಲ್ಯ ನೆನಪಿತ್ತು, ತಮಾಷೆ ಮಾಡುತ್ತಿದ್ದ.

ದೆಕಾರ್ತನಿಗೆ ನಿಜಕ್ಕೂ ತಲೆನೋವು ತರುವ ರೋಗ ಇನ್ನೊಂದಿದೆ. 1880ರಲ್ಲಿ ಜೂಲ್ ಕೊತಾರ್ ಎಂಬ ಫ್ರೆಂಚ್ ವೈದ್ಯ ವಿವರಿಸಿದ್ದು. ಈ ರೋಗಿಗಳು ತಾವು ಸತ್ತಿದ್ದೇವೆ, ತಾವಿಲ್ಲ ಅನ್ನುತ್ತಾರೆ. ಹೀಗೆ ಹೇಳಲು ಯೋಚನೆ ಬೇಕು, ಮಾತು ಬೇಕು, ಅವೆರಡೂ ಅಲ್ಲಿವೆ. "ಇದ್ದೇನೆ" ಅನ್ನುವ ಅನ್ನಿಸಿಕೆಯೇ ಕೆಟ್ಟಿದೆ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಕೆಲವರು ಬೇರೆಯದೇ ಅನುಭವ ಹೇಳುತ್ತಾರೆ, ತಲೆಯೊಳಗೆ ಯೋಚನೆ ಬರುತ್ತಿದೆ ಆದರೆ ಅದು ನನ್ನದಲ್ಲ, ಯಾರೋ ತುರುಕುತ್ತಿದ್ದಾರೆ ಅಂತ. ಕೇಳಿದವರು ನಗುವ ಮೊದಲು ಒಂದು ವಿಷಯ ಗಮನಿಸಬೇಕು. ಯೋಚನೆ ಬರುವುದು ಒಂದು ಕೆಲಸ, ಅದಕ್ಕೆ "ನನ್ನದು" ಅನ್ನುವ ಮುದ್ರೆ ಬೀಳುವುದು ಇನ್ನೊಂದು ಕೆಲಸ. ನಮ್ಮಲ್ಲಿ ಎರಡೂ ಒಟ್ಟಿಗೆ ನಡೆಯುವುದರಿಂದ ಮುದ್ರೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾದರೆ ತಲೆಯೊಳಗಿನ ಆ ಮಾತು ಏನು? ನನ್ನ ಮಟ್ಟಿಗೆ ಅದು ರೇಡಿಯೋದ ಕ್ರಿಕೆಟ್ ಕಾಮೆಂಟರಿ. ಆಡುವವರು ಬೇರೆ, ಹೇಳುವವನು ಬೇರೆ. ನಮಗೆ ಕೇಳಿಸುವುದು ಅವನ ದನಿ ಒಂದೇ ಆದ್ದರಿಂದ ಮ್ಯಾಚೇ ಅವನು ಅನ್ನಿಸಿಬಿಡುತ್ತದೆ. ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಯಾಕೆಂದರೆ ಮೈದಾನದ ಆಟಗಾರರಿಗೆ ಕಾಮೆಂಟರಿ ಕೇಳಿಸುವುದಿಲ್ಲ, ಮಿದುಳಿಗೆ ತನ್ನ ಮಾತು ಕೇಳಿಸುತ್ತದೆ. ಮೂರು ನಾಲ್ಕು ವರ್ಷದ ಮಗು ಒಂಟಿಯಾಗಿ ಆಡುವಾಗ ಕಿವಿಗೊಡಿ. "ಈಗ ಬಸ್ ಬಂತು, ಕೆಂಪು ಬೇಡ, ನೀಲಿ ಇಡೋಣ, ಅಯ್ಯೋ ಬಿತ್ತು." ಆ ಮಾತಿನಿಂದಲೇ ಅದು ತನ್ನ ಕೈಯನ್ನು ನಡೆಸುತ್ತದೆ. ಬೆಳೆದಂತೆ ಈ ಮಾತು ಒಳಗೆ ಇಳಿದು ಯೋಚನೆಗೆ ನೆರವಾಗುತ್ತದೆ ಅಂತ ರಷ್ಯಾದ ವಿಗೋಟ್‌ಸ್ಕಿ ಹೇಳಿದ್ದು ಇದನ್ನೇ. ಹಾಗಾಗಿ ಒಳಮಾತು ದಂಡ ಅಲ್ಲ. ನಾಳೆಯ ಕೆಲಸ ಹೊಂದಿಸಲು, ಬಾಯಿಗೆ ಬಂದ ಬೈಗುಳ ನುಂಗಿಕೊಳ್ಳಲು ಅದು ಬೇಕು.

ಆದರೆ ಅದೇ ನಾನು ಅನ್ನಲು ಒಂದು ದೊಡ್ಡ ಅಡ್ಡಿಯಿದೆ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಜನರಿಗೆ ಒಂದು ಬೀಪರ್ ಕೊಟ್ಟು ಕಳಿಸುತ್ತಾರೆ. ಅದು ಯಾವಾಗೆಂದರೆ ಆವಾಗ ಸದ್ದು ಮಾಡುತ್ತದೆ, ಮಾಡಿದ ತಕ್ಷಣ ಆ ಗಳಿಗೆಯಲ್ಲಿ ಒಳಗೆ ಏನಿತ್ತು ಅಂತ ಬರೆದುಕೊಳ್ಳಬೇಕು. ಕೆಲವರಲ್ಲಿ ಮಾತೇ ಮಾತು. ಕೆಲವರಲ್ಲಿ ಚಿತ್ರಗಳು. ಇನ್ನು ಕೆಲವರಲ್ಲಿ ಒಳಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಣ್ಣು ಮುಚ್ಚಿದರೆ ಯಾವ ಚಿತ್ರವೂ ಮೂಡದವರೂ ಇದ್ದಾರೆ, 2015ರಲ್ಲಿ ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಇವರೆಲ್ಲ ನೌಕರಿ ಮಾಡಿಕೊಂಡು, ಮಕ್ಕಳನ್ನು ಸಾಕಿಕೊಂಡು, ಪಾರ್ಕಿಂಗಿಗೆ ಜಗಳವಾಡಿಕೊಂಡು ಇದ್ದಾರೆ. ಅವರಿಗೂ ಒಂದು "ನಾನು" ಇದೆ. ಒಳದನಿಯೇ ನಾನಾಗಿದ್ದರೆ ಇವರು ಯಾರೂ ಅಲ್ಲ ಅನ್ನಬೇಕಾಗುತ್ತದೆ.

ಇಲ್ಲಿಗೆ ಬಂದವರಿಗೆ ಲಿಬೆಟ್ ಪ್ರಯೋಗ ನೆನಪಾಗಿರಬಹುದು. 1983ರಲ್ಲಿ ಬೆಂಜಮಿನ್ ಲಿಬೆಟ್, ಕೈ ಅಲುಗಿಸಬೇಕು ಅಂತ ನಮಗೆ ಅನ್ನಿಸುವ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಏರಿಕೆ ಶುರುವಾಗಿರುತ್ತದೆ ಅಂತ ತೋರಿಸಿದರು. ಅಂದಿನಿಂದ "ನಿಮ್ಮ ನಿರ್ಧಾರ ನಿಮ್ಮದಲ್ಲ" ಅಂತ ಭಾಷಣ ಮಾಡುವವರಿಗೆ ಅದೇ ಬಂಡವಾಳ. ನನಗೆ ಇದು ಅಷ್ಟು ಗಟ್ಟಿ ಅನ್ನಿಸಿಲ್ಲ. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಗಾರರು, ಆ ಏರಿಕೆ ನಿರ್ಧಾರವೇ ಅಲ್ಲ, ಮಿದುಳಿನಲ್ಲಿ ಸದಾ ಇರುವ ಏರಿಳಿತವನ್ನು, ಕೈ ಅಲುಗಿದ ಗಳಿಗೆಯಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದಾಗ ಹಾಗೆ ಕಾಣಬಹುದು ಅಂತ ತೋರಿಸಿದರು. ಅಲ್ಲದೆ, ಕಾರಣವಿಲ್ಲದೆ ಮಣಿಕಟ್ಟು ಅಲುಗಿಸುವುದಕ್ಕೂ ಕೆಲಸ ಬಿಡಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ತೂಗುವುದಕ್ಕೂ ಎಲ್ಲಿಯ ಹೋಲಿಕೆ?

ಇಷ್ಟೆಲ್ಲ ಬಿಡಿಸಿದ ಮೇಲೂ ಮೂಲ ಪ್ರಶ್ನೆ ಹಾಗೇ ಕೂತಿದೆ. ಮಿದುಳಿನ ಇಷ್ಟು ಕೆಲಸ ಅರಿವಿಲ್ಲದೆ ನಡೆಯಬಲ್ಲದಾದರೆ ಅರಿವು ಯಾಕಾದರೂ ಬೇಕು? ನರಗಳ ವಿದ್ಯುತ್ತು ಉರಿಯಾಗಿ, ಪರಿಮಳವಾಗಿ ಅನುಭವಕ್ಕೆ ಬರುವುದು ಹೇಗೆ? 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್, ಇನ್ನು 25 ವರ್ಷದಲ್ಲಿ ಪ್ರಜ್ಞೆಗೆ ಕಾರಣವಾದ ನರಗಳ ಚಟುವಟಿಕೆ ಸ್ಪಷ್ಟವಾಗಿ ಸಿಗುತ್ತದೆ ಅಂತ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದರು. 2023ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು.

ಈಗ ಮೊಬೈಲಿನ ಎಐ ಕೂಡ "ನನಗನ್ನಿಸುತ್ತದೆ" ಅನ್ನುತ್ತದೆ. ಅದಕ್ಕೆ ಪ್ರಜ್ಞೆ ಇದೆಯಾ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಕೋಳಿಗೂಡಿನದೇ. ಸರಾಗವಾಗಿ ಕಾರಣ ಕೊಡುವುದು, ನಾನು ಅನ್ನುವುದು ಯಾವುದಕ್ಕೂ ಪುರಾವೆಯಲ್ಲ. ಇದೆ ಅನ್ನುವುದಕ್ಕೂ ಅಲ್ಲ, ಇಲ್ಲ ಅನ್ನುವುದಕ್ಕೂ ಅಲ್ಲ.

ಇದರ ಇನ್ನೊಂದು ಮುಖ ಇನ್ನೂ ಗಂಭೀರ. ಮಾತಿಲ್ಲ, ಕದಲಿಕೆಯಿಲ್ಲ ಅಂದ ಮಾತ್ರಕ್ಕೆ ಒಳಗೆ ಯಾರೂ ಇಲ್ಲ ಅಂತಲ್ಲ. 2006ರಲ್ಲಿ ಏಡ್ರಿಯನ್ ಓವನ್ ತಂಡ ರಸ್ತೆ ಅಪಘಾತದ ನಂತರ ತಿಂಗಳುಗಟ್ಟಲೆ ಯಾವ ಸ್ಪಂದನೆಯೂ ಇಲ್ಲದೆ ಮಲಗಿದ್ದ 23 ವರ್ಷದ ಹೆಣ್ಣುಮಗಳೊಬ್ಬಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಊಹಿಸಿಕೋ ಅಂದಿತು. ಆರೋಗ್ಯವಂತರಲ್ಲಿ ಬೆಳಗುವ ಜಾಗವೇ ಅವಳಲ್ಲೂ ಬೆಳಗಿತು. ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಊಹಿಸಿಕೋ ಅಂದಾಗ ಬೇರೆ ಜಾಗಗಳು. 2024ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನದಲ್ಲಿ, ಹಾಸಿಗೆ ಪಕ್ಕ ನಿಂತು ಹೇಳಿದ್ದಕ್ಕೆ ಏನೂ ಪ್ರತಿಕ್ರಿಯೆ ಕೊಡದ 241 ರೋಗಿಗಳಲ್ಲಿ 60 ಜನರ ಮಿದುಳು ಹೇಳಿದ್ದನ್ನು ಮಾಡುತ್ತಿತ್ತು. ನಾಲ್ಕರಲ್ಲಿ ಒಬ್ಬರು. ಹೆಚ್ಚಿನ ಐಸಿಯುಗಳಲ್ಲಿ ಈ ಪರೀಕ್ಷೆಗೆ ಬೇಕಾದ ವ್ಯವಸ್ಥೆ ಇಲ್ಲ. ಅಲ್ಲಿ ಇವತ್ತಿಗೂ ಕೈ ಹಿಚುಕು ಅಂತ ಹೇಳಿ, ಹಿಚುಕದಿದ್ದರೆ ಪ್ರಜ್ಞೆ ಇಲ್ಲ ಅಂತಲೇ ಬರೆದುಕೊಳ್ಳುತ್ತಾರೆ, ಮುಂದಿನ ನಿರ್ಧಾರಗಳನ್ನು ಮನೆಯವರು ಆ ಒಂದು ಸಾಲಿನ ಮೇಲೆ ತೆಗೆದುಕೊಳ್ಳುತ್ತಾರೆ.